ಹಿಡಿಮಣ್ಣಿಗೆ ಎಷ್ಟು ಬೆಲೆ?

ಒಂದು ಅಡಿ ಉದ್ದದ ವಸ್ತುವನ್ನು ಒಂದು ಇಂಚಿಗೆ ಇಳಿಸಿ ಮಾಡಿದರೆ ಅದಕ್ಕೆ ಬೇಕಾಗುವ ಸರಕು 1728ರಲ್ಲಿ ಒಂದು ಪಾಲಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡನೆಯ ಒಂದು ಭಾಗಕ್ಕೆ ಕುಗ್ಗುವುದರಿಂದ ಮರವೋ ಮಣ್ಣೋ ಲೋಹವೋ ಅಷ್ಟು ಪಾಲು ಕಡಿಮೆ ಸಾಕು. ಮಾಡುವವರ ದುಡಿಮೆ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಬೀಸುಕಲ್ಲು ದೊಡ್ಡದಿರಲಿ, ಹೆಬ್ಬೆರಳಿನಷ್ಟಿರಲಿ, ಎರಡು ಕಲ್ಲು ಒಂದರ ಮೇಲೊಂದು ಕೂಡಬೇಕು, ನಡುವೆ ಗೂಟ ನಿಲ್ಲಬೇಕು, ಹಿಡಿ ತಿರುಗಬೇಕು. ಚಿಕ್ಕದಾದಷ್ಟೂ ಕೈ ನಡುಗಬಾರದು, ಕಣ್ಣು ದಣಿಯಬಾರದು. ಕಿರಿದನ್ನು ಮಾಡುವ ಕಸುಬಿನ ಕಷ್ಟವೆಲ್ಲ ಇಲ್ಲಿದೆ: ಸರಕಿನ ತೂಕ ನೋಡಿ ಕೊಳ್ಳುವವರು ಬೆಲೆ ಕಟ್ಟುತ್ತಾರೆ, ಹೊತ್ತು ನೋಡಿ ಮಾಡುವವರು ದಣಿಯುತ್ತಾರೆ.

ಯುರೋಪಿನಲ್ಲಿ ಈ ಕಸುಬು ಗೊಂಬೆಮನೆಯ ಸುತ್ತ ಬೆಳೆಯಿತು. ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟ್ 1558ರ ಸುಮಾರಿಗೆ ಮಾಡಿಸಿದ ಮನೆಯನ್ನು ಈ ಪರಂಪರೆಯ ಮೊದಲ ದಾಖಲೆಯೆಂದು ಎಣಿಸುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲ ಊರ್ಟ್‌ಮನ್ ಎಂಬ ಸಿರಿವಂತ ಹೆಂಗಸು 1686ರಿಂದ ಹಲವು ವರ್ಷ ತುಂಬಿಸುತ್ತ ಹೋದ ಗೊಂಬೆಮನೆ ಇಂದು ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೆ ಆಕೆ ಸುರಿದ ಹಣದಲ್ಲಿ ಅದೇ ಊರಿನ ಕಾಲುವೆ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ಹೊಸದಿಲ್ಲಿಯ ರಾಷ್ಟ್ರಪತಿ ಭವನದ ವಿನ್ಯಾಸಕ ಎಡ್ವಿನ್ ಲಟ್ಯೆನ್ಸ್ ಆ ಕಟ್ಟಡದ ಕೆಲಸ ನಡೆದಿರುವಾಗಲೇ, 1921ರಿಂದ 1924ರವರೆಗೆ, ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದಕ್ಕೆ ಹನ್ನೆರಡರ ಅಳತೆಯ ಗೊಂಬೆಮನೆ ಕಟ್ಟಿಸಿದ. ಸುಮಾರು 1500 ಕಸುಬುದಾರರೂ ಕಲಾವಿದರೂ ಅದರಲ್ಲಿ ಕೈಯಾಡಿಸಿದರು. ಅದರ ನಳದಲ್ಲಿ ನೀರು ಬರುತ್ತದೆ, ಲಿಫ್ಟ್ ಏರಿಳಿಯುತ್ತದೆ. ಅಲ್ಲಿ ಕಿರಿದರ ಬೆಲೆಯನ್ನು ಯಾರೂ ಸರಕಿನ ತೂಕದಿಂದ ಕಟ್ಟಲಿಲ್ಲ.

ಹಾಗಾದರೆ ನಮ್ಮಲ್ಲಿ ಈ ಕಸುಬು ಇತ್ತೆ, ಇದ್ದರೆ ಎಲ್ಲಿದೆ, ಅದನ್ನು ನಂಬಿದವರ ಹೊಟ್ಟೆ ತುಂಬುತ್ತಿದೆಯೆ? ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯ ಸುತ್ತಿನ ಸೀಮೆಯನ್ನು ನಡುವಿಟ್ಟುಕೊಂಡು, ಅಲ್ಲಿಂದ ಕರ್ನಾಟಕದ ಉದ್ದಗಲಕ್ಕೂ ಹೋಗಿ ನೋಡುವುದು ಈ ಬರಹದ ಕೆಲಸ.

ಗೊಂಬೆಮನೆ ಎಂಬ ಕಟ್ಟಡ ನಮ್ಮಲ್ಲಿ ಇರಲಿಲ್ಲ. ಅದರೊಳಗೆ ಇಡಬೇಕಾದದ್ದೆಲ್ಲ ಇತ್ತು. ಎತ್ತು, ಮೇವಿನ ಗ್ವಾದಲಿ, ಒಲೆ, ಗಡಿಗೆ, ತೊಟ್ಟಿಲು, ತೇರು, ತುಳಸಿಕಟ್ಟೆ ಎಲ್ಲವೂ ಅಂಗೈಯಗಲದಲ್ಲಿ ತಯಾರಾಗುತ್ತಿದ್ದವು. ಯುರೋಪಿನವರು ಅವನ್ನು ಒಂದು ಮನೆಯಲ್ಲಿ ಕೂಡಿಟ್ಟು ಬೀಗ ಹಾಕಿದರು. ನಮ್ಮವರು ಅವನ್ನು ವರ್ಷದ ಹಬ್ಬಗಳಿಗೆ ಹಂಚಿದರು. ಹಬ್ಬ ಮುಗಿದ ಮೇಲೆ ಅವು ನೀರಿಗೆ ಹೋಗುತ್ತಿದ್ದವು, ಮಾಳಿಗೆಯ ಮೇಲೆ ಕೂತು ಮಳೆಗೆ ಕರಗುತ್ತಿದ್ದವು, ಇಲ್ಲವೆ ಮಕ್ಕಳ ಬಾಯಿಗೆ ಬೀಳುತ್ತಿದ್ದವು. ಮುಂದಿನ ವರ್ಷ ಮತ್ತೆ ಹೊಸದಾಗಿ ಬೇಕು. ಕಸುಬುದಾರನ ಮಟ್ಟಿಗೆ ಇದು ಜಾಣ ಏರ್ಪಾಡು. ಉಳಿಯದ ವಸ್ತುವಿಗೆ ಗಿರಾಕಿ ತಪ್ಪುವುದಿಲ್ಲ. ಪಂಚಾಂಗ ಇರುವ ತನಕ ಕೆಲಸ ಇರುತ್ತದೆ.

ಆ ಪಂಚಾಂಗವನ್ನು ಒಮ್ಮೆ ತಿರುವಿ ಹಾಕೋಣ. ಜ್ಯೇಷ್ಠದ ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಸಿಂಗಾರ, ಕರಿ ಹರಿಯುವ ಸಡಗರ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಮೈತುಂಬ ಗುಲಗಂಜಿ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಊರು ಸುತ್ತುವ ಜೋಕುಮಾರ. ನಾಲ್ಕು ತಿಂಗಳಲ್ಲಿ ಐದು ಬಾರಿ ಕುಂಬಾರನ ಕೈಯ ಮಣ್ಣು ಮನೆಯ ಜಗಲಿ ಏರುತ್ತದೆ.

ಇವುಗಳಲ್ಲಿ ಮಣ್ಣೆತ್ತಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಜೋಡಿ ಎತ್ತು, ಮುಂದೊಂದು ಪುಟ್ಟ ಗ್ವಾದಲಿ, ಎಲ್ಲವೂ ಹಸಿಮಣ್ಣು. ಆವಿಗೆಯಲ್ಲಿ ಸುಡುವುದಿಲ್ಲ. ಸುಟ್ಟರೆ ನೀರಿನಲ್ಲಿ ಕರಗದು, ಕರಗದಿದ್ದರೆ ಹಬ್ಬದ ನಿಯಮ ನಡೆಯದು. ಸುಡದೆ ನಿಲ್ಲಿಸುವುದೇ ಕಠಿಣ. ಈ ಸೀಮೆಯ ಎರೆಮಣ್ಣು ಹಸಿಯಿದ್ದಾಗ ಬೆಣ್ಣೆಯಂತೆ ಮಿದುವಾದರೂ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಕೆರೆಯದೋ ಹೊಳೆದಂಡೆಯದೋ ಮಣ್ಣು ತಂದು, ಕಲ್ಲು ಬೇರು ಆರಿಸಿ, ನೆನೆಸಿ, ಮಿದ್ದು ಹದ ಮಾಡಬೇಕು. ಮೈ ದಪ್ಪ, ಕೊಂಬು ಕಿವಿ ಬಾಲ ತೆಳು. ತೆಳು ಭಾಗ ಮೊದಲು ಒಣಗುತ್ತದೆ, ದಪ್ಪ ಭಾಗ ಆಮೇಲೆ. ಎರಡೂ ಬೇರೆ ಬೇರೆ ಹೊತ್ತಿಗೆ ಕುಗ್ಗುವುದರಿಂದ ಕೊಂಬಿನ ಬುಡದಲ್ಲೇ ಸೀಳು ಬೀಳುವುದು. ಮೈಯಲ್ಲಿ ಎಷ್ಟು ಹಸಿ ಉಳಿದಾಗ ಕೊಂಬು ಹಚ್ಚಬೇಕು ಎಂಬುದನ್ನು ಬೆರಳು ಹೇಳಬೇಕೇ ಹೊರತು ಬಾಯಿ ಹೇಳಲಾರದು. ಇಣಿಯ ಏರು, ಗಂಗೆದೊಗಲಿನ ಇಳಿಜಾರು, ಮುಂಗಾಲಿನ ನಿಲುವು ಇವುಗಳಲ್ಲಿ ಒಳ್ಳೆಯ ಎತ್ತಿನ ಗುರುತು ಬಲ್ಲ ಒಕ್ಕಲಿಗ ತಪ್ಪು ಹುಡುಕಬಾರದು. ಎತ್ತನ್ನು ದಿನಾ ನೋಡುವವರ ಎದುರಿಗೆ ಎತ್ತು ಮಾಡಿ ಇಡುವುದು ಸಣ್ಣ ಪರೀಕ್ಷೆಯಲ್ಲ.

ಈ ಎತ್ತಿಗೆ ಹಿಂದೆ ಬೆಲೆ ಇರಲಿಲ್ಲ. ಬೆಲೆ ಇರಲಿಲ್ಲವೆಂದರೆ ಪುಕ್ಕಟೆ ಎಂದು ಅರ್ಥವಲ್ಲ. ಕುಂಬಾರರು ತಮಗೆ ನಡೆದುಬಂದ ಮನೆಗಳಿಗೆ ಎತ್ತು ಕೊಡುತ್ತಿದ್ದರು, ಮೊರದಲ್ಲಿ ಜೋಳ ಪಡೆಯುತ್ತಿದ್ದರು. ಅದೂ ಅಲ್ಲದೆ ಸುಗ್ಗಿಯ ರಾಶಿಯಲ್ಲಿ ಅವರ ಪಾಲಿನ ಆಯ ಇರುತ್ತಿತ್ತು. ವರ್ಷವಿಡೀ ಕೊಟ್ಟ ಗಡಿಗೆ, ಹರವಿ, ಎತ್ತು, ನಾಗಪ್ಪ ಎಲ್ಲಕ್ಕೂ ಸೇರಿ ಆ ಆಯ. ಒಂದೊಂದಕ್ಕೂ ಬೆಲೆ ಕಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಘಟಪ್ರಭೆಯ ನೀರಾವರಿ ಬಂದಿತು, ಕಬ್ಬು ಬಂದಿತು. ಮುಧೋಳ, ಮಹಾಲಿಂಗಪುರದ ಸುತ್ತ ಸಕ್ಕರೆ ಕಾರ್ಖಾನೆಗಳೂ ಬೆಲ್ಲದ ಪೇಟೆಯೂ ಬೆಳೆದವು. ಕಬ್ಬಿಗೆ ಕಣವಿಲ್ಲ, ರಾಶಿಯಿಲ್ಲ. ರಾಶಿಯಿಲ್ಲದ ಮೇಲೆ ಆಯ ಎಲ್ಲಿಂದ ಅಳೆಯಬೇಕು? ಟ್ರ್ಯಾಕ್ಟರ್ ಬಂದು ಎತ್ತೂ ಕಡಿಮೆಯಾದವು. ಹೀಗೆ ಮಣ್ಣೆತ್ತು ಮನೆಯ ನಂಟಿನಿಂದ ಸಂತೆಯ ಸರಕಿಗೆ ಇಳಿಯಿತು. ಸಂತೆಯಲ್ಲಿ ಜೋಡಿಯ ಮೇಲೆ ಚೌಕಾಸಿ ಶುರುವಾಯಿತು. ಹಿಡಿಮಣ್ಣಿಗೆ ಎಷ್ಟು ಕೊಡಬೇಕು ಎಂಬ ಮಾತು ಆಗ ಹುಟ್ಟಿದ್ದು. ನೀರಾವರಿಯನ್ನು ನಾನು ದೂರುತ್ತಿಲ್ಲ. ಅದು ಈ ಸೀಮೆಗೆ ಅನ್ನ ಕೊಟ್ಟಿದೆ. ಆ ಅನ್ನದಲ್ಲಿ ಕುಂಬಾರನ ಪಾಲನ್ನು ಬೇರೆ ಯಾವ ಬಗೆಯಿಂದಲೂ ತುಂಬಿಕೊಡಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಮಣ್ಣಿನ ನಂತರ ಸಕ್ಕರೆ. ಕಾರ್ತಿಕದ ಗೌರಿಹುಣ್ಣಿಮೆಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆ ಗೊಂಬೆ ಇಟ್ಟುಕೊಂಡು ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಸಕ್ಕರಿ ಆರತಿ ಎಂದೇ ಅದರ ಹೆಸರು. ಆನೆ, ಕುದುರೆ, ಒಂಟೆ, ತೇರು, ಬಸವಣ್ಣ, ಗೋಪುರ, ತುಳಸಿಕಟ್ಟೆ, ಶಿವ-ಪಾರ್ವತಿ, ಹೀಗೆ ತಟ್ಟೆಯೊಳಗೆ ಒಂದು ಊರೇ ಇರುತ್ತದೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆ, ದಂಡೆಯ ಜೊತೆ ಸಕ್ಕರೆ ಗೊಂಬೆ ಒಯ್ಯುವ ವಾಡಿಕೆಯೂ ಇದೆ.

ಇದರ ಕೆಲಸ ಎರಡು ಕೈಗಳದು. ಒಂದು ಪಾಕ ಹಿಡಿಯುವ ಕೈ, ಇನ್ನೊಂದು ಅಚ್ಚು ಕೊರೆಯುವ ಕೈ. ಮರದ ಅಚ್ಚುಗಳನ್ನು ಮುಂಚಿತವಾಗಿ ನೀರಿನಲ್ಲಿ ನೆನೆ ಹಾಕಬೇಕು, ಒಣ ಅಚ್ಚಿಗೆ ಸಕ್ಕರೆ ಅಂಟಿಕೊಳ್ಳುತ್ತದೆ. ಸಕ್ಕರೆ ಕುದಿಯುವಾಗ ಹಾಲು ಹಾಕಿ ಮೇಲೆ ಬಂದ ಕೊಳೆ ತೆಗೆಯಬೇಕು. ಪಾಕ ಸ್ವಲ್ಪ ಎಳೆಯದಾದರೆ ಗೊಂಬೆ ಗಟ್ಟಿಯಾಗದು, ಸ್ವಲ್ಪ ಮೀರಿದರೆ ಅಚ್ಚಿನ ಮೂಲೆ ತಲುಪುವ ಮೊದಲೇ ಹರಳುಗಟ್ಟುತ್ತದೆ. ಆಗ ಕುದುರೆಗೆ ಕಿವಿ ಇರುವುದಿಲ್ಲ, ಆನೆಗೆ ಸೊಂಡಿಲು ಇರುವುದಿಲ್ಲ. ಹದ ಬಂದ ಕೂಡಲೇ ಬಿಗಿದು ಕಟ್ಟಿದ ಅಚ್ಚಿಗೆ ಹೊಯ್ದು, ಆರಲು ಬಿಟ್ಟು, ಕಟ್ಟು ಬಿಚ್ಚಿ, ಹೋಳುಗಳನ್ನು ಮೆಲ್ಲಗೆ ಬಿಡಿಸಬೇಕು.

ಅಚ್ಚು ಕೊರೆಯುವ ಬಡಿಗನ ಕೆಲಸ ಇನ್ನೂ ಸೂಕ್ಷ್ಮ. ಅವನು ಉಬ್ಬನ್ನು ತಗ್ಗಾಗಿ, ಎಡವನ್ನು ಬಲವಾಗಿ ಯೋಚಿಸಬೇಕು. ಆನೆಯ ಹೊಟ್ಟೆ ಹೊರಗೆ ಬರಬೇಕಾದರೆ ಮರದಲ್ಲಿ ಕುಳಿ ತೋಡಬೇಕು, ಜೂಲಿನ ಗೆರೆ ಕಾಣಬೇಕಾದರೆ ಕುಳಿಯೊಳಗೆ ಉಳಿಯ ತುದಿ ಆಡಬೇಕು. ಎರಡು ಹೋಳು ಕೂದಲೆಳೆಯೂ ಸಂದಿಯಿಲ್ಲದೆ ಕೂಡಬೇಕು. ಇಷ್ಟು ಮಾಡಿದ ಮೇಲೆ ಆ ಅಚ್ಚು ತಲೆಮಾರುಗಟ್ಟಲೆ ಬಾಳುತ್ತದೆ. ಅಜ್ಜಿಯ ಅಚ್ಚಿನಲ್ಲಿ ಮೊಮ್ಮಗಳು ಪಾಕ ಹೊಯ್ಯುತ್ತಾಳೆ. ಕುಂಬಾರನ ಎತ್ತು ಪ್ರತಿವರ್ಷ ಕರಗಿ ಅವನಿಗೆ ಕೆಲಸ ಕೊಟ್ಟರೆ, ಬಡಿಗನ ಅಚ್ಚು ಸವೆಯದೆ ಅವನ ಕೆಲಸ ಮುಗಿಸುತ್ತದೆ. ಅಚ್ಚು ಕೊರೆಯುವ ವಿದ್ಯೆ ಮೊದಲು ಮರೆಯಾಗುವುದಕ್ಕೆ ಇದೇ ಕಾರಣವೆಂದು ನನಗೆ ಅನಿಸುತ್ತದೆ. ಒಂದೇ ಸಲ ಮಾರಿದ ವಸ್ತುವಿನಿಂದ ಮಗನಿಗೆ ಆ ಕೆಲಸ ಕಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಮನೆಯ ಅಟ್ಟದ ಮೇಲೆ ಹಳೆಯ ಅಚ್ಚು ಇದ್ದವರು ಅದನ್ನು ಒಲೆಗೆ ಹಾಕದೆ ಕಾಪಾಡಬೇಕು. ಹೊಸದು ಸಿಗುವ ಭರವಸೆ ಕಡಿಮೆ.

ದೀಪಾವಳಿಯ ಪಾಡ್ಯಕ್ಕೆ ಸೆಗಣಿಯ ಪಾಂಡವರು, ಹಟ್ಟೆವ್ವ ಕೂಡುತ್ತಾರೆ. ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ ಮನೆಯವರೇ ಮಾಡುವ ಕೆಲಸ ಅದು, ಕಸುಬುದಾರರಿಗೆ ಅಲ್ಲಿ ಪಾತ್ರವಿಲ್ಲ. ಬೆಳಗಾವಿಯ ಕಡೆ ಮಕ್ಕಳು ಅದೇ ಹಬ್ಬಕ್ಕೆ ಮಣ್ಣು ಕಲ್ಲು ಕೂಡಿಸಿ ಅಂಗಳದಲ್ಲಿ ಕಿಲ್ಲೆ ಕಟ್ಟುತ್ತಾರೆ. ಮೇಲೆ ಸಿಂಹಾಸನದ ಶಿವಾಜಿ, ಕೆಳಗೆ ಮಾವಳಿ ಸೈನಿಕರ ಮಣ್ಣಿನ ಗೊಂಬೆಗಳು. ಮರಾಠಿ ಮನೆಗಳಿಂದ ನಮ್ಮ ಗಡಿಯ ಮನೆಗಳಿಗೂ ಬಂದ ರುಖವತ ಎಂಬ ಮದುವೆಯ ಪದ್ಧತಿಯಲ್ಲಿ ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ಪುಟ್ಟ ಪುಟ್ಟ ವಸ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಅದರಲ್ಲಿ ಕಾಣುವ ನಯಗಾರಿಕೆ ಮದುವೆಯ ಗದ್ದಲದಲ್ಲಿ ಅರ್ಧ ದಿನ ಕಣ್ಣಿಗೆ ಬಿದ್ದು ಮರೆತುಹೋಗುತ್ತದೆ.

ಗೊಂಬೆಮನೆಗೆ ತೀರ ಹತ್ತಿರವಾದದ್ದು ನಮ್ಮ ರಾಜ್ಯದಲ್ಲಿ ಎಲ್ಲಿದೆ ಎಂದು ಕೇಳಿದರೆ ನಾನು ದಕ್ಷಿಣ ಕನ್ನಡವನ್ನು ತೋರಿಸುತ್ತೇನೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಬಳಿ ಸುರ್ಯ ಎಂಬಲ್ಲಿ ಸದಾಶಿವರುದ್ರ ದೇವಸ್ಥಾನವಿದೆ. ಅಲ್ಲಿ ಹರಕೆಯೆಂದರೆ ಮಣ್ಣಿನ ಗೊಂಬೆ. ಮನೆ ಕಟ್ಟಬೇಕೆಂದವರು ಮಣ್ಣಿನ ಮನೆ ಒಪ್ಪಿಸುತ್ತಾರೆ, ಮಗು ಬೇಕೆಂದವರು ತೊಟ್ಟಿಲು ಅಥವಾ ಮಗು, ಕೈಕಾಲು ನೋವಿದ್ದವರು ಕೈಕಾಲು, ವಾಹನ ಬೇಕೆಂದವರು ವಾಹನ. ಪೂಜೆಯ ನಂತರ ಅವೆಲ್ಲ ಹರಕೆ ಬನದ ಮರಗಳ ಕೆಳಗೆ ಸೇರುತ್ತವೆ. ಕಾಲ ಬದಲಾದ ಹಾಗೆ ಜನರ ಬಯಕೆ ಬದಲಾಯಿತು, ಮಣ್ಣಿನ ಕಂಪ್ಯೂಟರೂ ಅಲ್ಲಿಗೆ ಬಂದಿತು. ಊರ ಜನರ ಆಸೆಗಳ ಪಟ್ಟಿಯನ್ನು ಮಣ್ಣಿನಲ್ಲಿ ಬರೆದಿಟ್ಟ ಇಂಥ ಜಾಗ ಬೇರೆ ಯಾವುದಿದೆ? ಕಸುಬಿನ ದೃಷ್ಟಿಯಿಂದಲೂ ಇದು ಪಾಠ ಹೇಳುತ್ತದೆ. ಹರಕೆಗೆ ಋತುವಿಲ್ಲ. ವರ್ಷದ ಯಾವ ದಿನವೂ ಯಾರಾದರೂ ಮನೆ ಬೇಡುತ್ತಾರೆ, ಮಗು ಬೇಡುತ್ತಾರೆ. ಹಾಗಾಗಿ ಮಣ್ಣು ಮುಟ್ಟುವವರಿಗೆ ವರ್ಷವಿಡೀ ಕೆಲಸದ ದಾರಿ ತೆರೆದಿರುತ್ತದೆ. ಬಯಲುಸೀಮೆಯ ಮಣ್ಣೆತ್ತಿಗೆ ಈ ಅನುಕೂಲ ಇಲ್ಲ.

ಮರದ ಕಡೆ ತಿರುಗೋಣ. ಘಟಪ್ರಭೆಯ ಮೇಲ್ದಂಡೆಯ ಗೋಕಾಕ ಕರದಂಟಿಗಿಂತ ಮೊದಲೇ ಗೊಂಬೆಗೆ ಹೆಸರಾಗಬೇಕಿತ್ತು. ಅಲ್ಲಿನ ಮರದ ಆಟಿಕೆ, ಬಣ್ಣ ಹಚ್ಚಿದ ಹಣ್ಣು ತರಕಾರಿ ನಿಜವೆಂದು ಕೈ ಚಾಚುವಂತಿರುತ್ತಿದ್ದವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸ ಇನ್ನೂ ಜೀವ ಹಿಡಿದಿದೆ. ಹಗುರ ಮರವನ್ನು ಕೆತ್ತಿ, ಗೋಣಿ ನಾರಿನ ಪುಡಿ, ಮರದ ಹೊಟ್ಟು, ಹುಣಿಸೆಬೀಜದ ಅಂಟು ಕೂಡಿಸಿದ ಕಿಟ್ಟದಿಂದ ಕೀಲು ಮುಚ್ಚಿ ಉಬ್ಬು ತೆಗೆಯುತ್ತಾರೆ. ತವರದ ತಗಡನ್ನು ಅರೆದು ಮಾಡುವ ಲಾಜವಾರ ಎಂಬ ಲೇಪದಿಂದ ಚಿನ್ನ ಬೆಳ್ಳಿಯ ಹೊಳಪು ತರುತ್ತಾರೆ. ಈ ಮನೆತನಗಳ ನಂಟನ್ನು ವಿಜಯನಗರದ ಕಾಲಕ್ಕೆ, ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳವರೆಗೆ ಒಯ್ಯುತ್ತಾರೆ. 2012ರಲ್ಲಿ ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿತು. ಅದೇ ಜಿಲ್ಲೆಯ ಭಾನಾಪುರದಲ್ಲಿ ದೊಡ್ಡ ಆಟಿಕೆ ಕ್ಲಸ್ಟರ್ ಎದ್ದಿದೆ. ಯಂತ್ರದ ಆಟಿಕೆಯ ಕೇಂದ್ರವೂ ಕೈಯ ಗೊಂಬೆಯ ಊರೂ ಒಂದೇ ಜಿಲ್ಲೆಯಲ್ಲಿದ್ದು ಒಂದಕ್ಕೊಂದು ಮುಖ ನೋಡದಿರುವುದು ಒಳ್ಳೆಯ ಯೋಜನೆಯ ಲಕ್ಷಣವಲ್ಲ.

ಚನ್ನಪಟ್ಟಣದ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಆಲೆಮರದ ತುಂಡು ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ತಿರುಗುವ ಯಂತ್ರವಾದ್ದರಿಂದ ದುಂಡಗಿನ ವಸ್ತುಗಳೇ ಅದಕ್ಕೆ ಸಲೀಸು. ಚನ್ನಪಟ್ಟಣದ ಅಡುಗೆ ಸಾಮಾನಿನ ಸೆಟ್ಟು ಇಷ್ಟು ಚೆನ್ನಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಗಡಿಗೆ, ತಂಬಿಗೆ, ಲಟ್ಟಣಿಗೆ, ಬೀಸುಕಲ್ಲು ಎಲ್ಲ ದುಂಡು. ಟಿಪ್ಪು ಸುಲ್ತಾನನ ಕಾಲದ ಆಶ್ರಯ, ಇಪ್ಪತ್ತನೆಯ ಶತಮಾನದಲ್ಲಿ ಬಾವಾಸ್ ಮಿಯಾ ತಂದ ಹೊಸ ವಿಧಾನ, ಬೆಂಗಳೂರು-ಮೈಸೂರು ರಸ್ತೆಯ ಮೇಲಿನ ಜಾಗ, 2005-06ರ ಭೌಗೋಳಿಕ ಗುರುತು, ಶಾಲೆಗಳ ಮತ್ತು ಹೊರದೇಶದ ಬೇಡಿಕೆ ಇವೆಲ್ಲ ಕೂಡಿದವು. ಹಬ್ಬದ, ಹರಕೆಯ ಹಂಗಿಲ್ಲದ ಗಿರಾಕಿ ಸಿಕ್ಕಿದ ಊರು ಇದೊಂದೇ. ಉಳಿದುಕೊಂಡದ್ದೂ ಅದೇ ಹೆಚ್ಚು.

ಮೈಸೂರು ಸೀಮೆಯ ನವರಾತ್ರಿಯ ಗೊಂಬೆ ಕೂರಿಸುವ ಪದ್ಧತಿ ಕಿರಿದರ ದೊಡ್ಡ ಪೇಟೆ. ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಜಾಗವೇ ಇದೆ. ಪಟ್ಟದ ಗೊಂಬೆಗಳ ಕೆಳಗೆ ಶೆಟ್ಟಿ ಶೆಟ್ಟಮ್ಮನ ಅಂಗಡಿ, ಅದರ ಮುಂದೆ ಬೇಳೆ ಅಕ್ಕಿಯ ಪುಟ್ಟ ಗುಡ್ಡೆ, ಪಕ್ಕದಲ್ಲಿ ಜಂಬೂಸವಾರಿಯ ಸಾಲು, ರಾಗಿ ಮೊಳಕೆಯ ಉದ್ಯಾನ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಪ್ರತಿ ವರ್ಷ ಬೊಂಬೆ ಮನೆಯೆಂಬ ಹೆಸರಿನಲ್ಲಿ ಹಲವು ರಾಜ್ಯಗಳ ಗೊಂಬೆ ತರಿಸಿ ಪ್ರದರ್ಶಿಸಿ ಮಾರುತ್ತಾರೆ. ದಸರೆಯ ಪ್ರವಾಸಿಗರ ನೆರವು ಅಲ್ಲಿ ಇದೆ. ಮುಧೋಳ ಜಮಖಂಡಿಯ ಗೊಂಬೆಗೆ ಅಂಥ ಬಾಗಿಲು ತೆರೆದಿಲ್ಲ.

ಕಿರಿದರ ವಿದ್ಯೆ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಕಲ್ಲಿನ ಸಾಕ್ಷಿ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ವಿಮಾನವನ್ನು ತಲೆಯೆತ್ತಿ ನೋಡಿ. ಒಂದೊಂದು ಅಂತಸ್ತಿನ ಅಂಚಿನಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲು: ಚೌಕದ ಕೂಟ, ಉದ್ದನೆಯ ಶಾಲೆ. ದೊಡ್ಡ ಗುಡಿಯನ್ನು ಸಣ್ಣ ಗುಡಿಗಳಿಂದ ಕಟ್ಟುವುದೇ ಆ ಶೈಲಿಯ ವ್ಯಾಕರಣ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಂದರೆ, ಕೊಪ್ಪಳ ಜಿಲ್ಲೆಯಲ್ಲಿರುವ 1112ರ ಇಟಗಿಯ ಮಹಾದೇವ ದೇಗುಲದ ಗೋಡೆಯ ಮೇಲೆ ಶಿಖರ ಸಹಿತ ಕಿರುಗುಡಿಗಳು ಒಡವೆಯಷ್ಟು ನಯವಾಗಿ ನಿಂತಿವೆ. ಉಳಿ ಹಿಡಿದವರು ಕಿರಿದನ್ನು ಕೀಳೆಂದು ಎಣಿಸಿರಲಿಲ್ಲ.

ಹೆಸರಿನ ಮಾತೂ ಇಲ್ಲಿ ಬರಬೇಕು. ವಿರೂಪಾಕ್ಷ ದೇಗುಲದ ಶಾಸನಗಳು ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಗಳ ಹೆಸರು ಹೇಳುತ್ತವೆ. ಕಲ್ಲಿನವರಿಗೆ ಹೆಸರು ಸಿಕ್ಕಿತು. ರನ್ನ ಬೆಳಗಲಿಗೆ ತನ್ನ ಹೆಸರು ಕೊಟ್ಟ ರನ್ನ, 949ರಲ್ಲಿ ಇಂದಿನ ಮುಧೋಳವಾದ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು, ಮುಂದೆ ಕವಿಚಕ್ರವರ್ತಿ ಎನಿಸಿದ. 993ರಲ್ಲಿ ಅವನಿಂದ ಅಜಿತಪುರಾಣ ಬರೆಯಿಸಿದ ಅತ್ತಿಮಬ್ಬೆ 1500 ಜಿನಬಿಂಬಗಳನ್ನು ಬಂಗಾರದಲ್ಲಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಕೊಡಿಸಿದವಳು ದಾನಚಿಂತಾಮಣಿಯಾದಳು, ಅದು ನ್ಯಾಯವೇ. ಅಷ್ಟು ಕಿರುಬಿಂಬಗಳನ್ನು ಕುಲುಮೆಯ ಮುಂದೆ ಕೂತು ಎರಕ ಹೊಯ್ದ ಅಕ್ಕಸಾಲಿಗರು ಯಾರು? ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಬಂಗಾರದವರ ಗತಿಯೇ ಹೀಗಾದರೆ ಮಣ್ಣಿನವರದು, ಸಕ್ಕರೆಯವರದು ಹೇಳುವುದೇ ಬೇಡ. ಶೂದ್ರಕನ ಮೃಚ್ಛಕಟಿಕದಲ್ಲಿ ಮಗು ರೋಹಸೇನ ಮಣ್ಣಿನ ಬಂಡಿ ಬೇಡವೆಂದು, ನೆರೆಮನೆಯ ಹುಡುಗನ ಬಂಗಾರದ ಬಂಡಿ ಬೇಕೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ನಾಟಕಕ್ಕೇ ಹೆಸರು ಕೊಟ್ಟ ಬಂಡಿ ಅದು. ಅದನ್ನು ಮಾಡಿದ ಕುಂಬಾರ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ.

ಈಗ ಸರಕಾರದ ಕಡೆ. ಹೊರದೇಶದ ಅಗ್ಗದ ಆಟಿಕೆಯ ಮೇಲಿನ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಕೊಟ್ಟದ್ದು ಸರಿಯಾದ ಕ್ರಮ. ಆದರೆ ವಿನಾಯಿತಿ ಸಿಗುವುದು ನೋಂದಣಿ ಇದ್ದವರಿಗೆ. ಮನೆಯ ಹಿತ್ತಿಲಲ್ಲಿ ಮಣ್ಣು ಮಿದಿಯುವ ಹೆಣ್ಣುಮಗಳು ಕುಶಲಕರ್ಮಿಯ ಕಾರ್ಡು ಮಾಡಿಸಿಕೊಳ್ಳಲು ಯಾರು ನೆರವಾಗಬೇಕು? ಆ ಕೆಲಸ ಪಟ್ಟಣ ಪಂಚಾಯಿತಿಯ ಮಟ್ಟದಲ್ಲಿ ಆಗಬೇಕು, ಜಿಲ್ಲಾ ಕಚೇರಿಯ ತನಕ ಆಕೆ ಬಸ್ ಹತ್ತಬೇಕಾಗಬಾರದು.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರರೂ ಇದ್ದಾರೆ, ಸಾಂಪ್ರದಾಯಿಕ ಗೊಂಬೆ-ಆಟಿಕೆ ಮಾಡುವವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲು ಒಂದು ಲಕ್ಷ ಆಮೇಲೆ ಎರಡು ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 5. ಇದನ್ನು ಹಗುರವಾಗಿ ನೋಡಬಾರದು. ಅಷ್ಟಾದರೂ ಮಣ್ಣೆತ್ತು ಮಾಡುವವರಿಗೆ ಉಪಕರಣದ ಕೊರತೆ ಇರಲಿಲ್ಲ. ಹತ್ತು ಬೆರಳು, ಒಂದು ಬಿದಿರಿನ ಚೂರು, ನೀರಿನ ಬಟ್ಟಲು ಸಾಕು. ಅವರಿಗೆ ಇಲ್ಲದ್ದು ವರ್ಷದ ಉಳಿದ ಎಂಟು ತಿಂಗಳ ಗಿರಾಕಿ. ಸಾಲ ಕೊಟ್ಟರೆ ಗಿರಾಕಿ ಹುಟ್ಟುವುದಿಲ್ಲ.

ಗಿರಾಕಿ ಎಲ್ಲಿದ್ದಾನೆ ಎಂದರೆ, ಇದ್ದಾನೆ. ಬೆಂಗಳೂರು ಮೊದಲಾದ ನಗರಗಳಲ್ಲಿ ಈಚೆಗೆ ಯುವಕ ಯುವತಿಯರು ಪಾಲಿಮರ್ ಜೇಡಿಯಲ್ಲಿ ಉಗುರಿನಷ್ಟು ಮಸಾಲೆ ದೋಸೆ, ಬಾಳೆಲೆ ಊಟ, ಫಿಲ್ಟರ್ ಕಾಫಿಯ ಲೋಟ ಮಾಡಿ ಮಾರುತ್ತಿದ್ದಾರೆ. ಫ್ರಿಜ್ಜಿನ ಮೇಲೆ ಅಂಟಿಸಲು, ಕಿವಿಯಲ್ಲಿ ತೂಗಲು, ಪೆಟ್ಟಿಗೆಯಲ್ಲಿ ಜೋಡಿಸಿ ಇಡಲು ಜನ ಕೊಳ್ಳುತ್ತಾರೆ. ತಮ್ಮ ಕೆಲಸಕ್ಕೆ ಇವರು ಹೊತ್ತಿನ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಹೆಸರು ಹಾಕುತ್ತಾರೆ, ಕೊಳ್ಳುವವರು ಒಪ್ಪುತ್ತಾರೆ. ಹೊರದೇಶಗಳಲ್ಲಿ ಒಂದಕ್ಕೆ ಹನ್ನೆರಡರ ಅಳತೆಯ ವಸ್ತುಗಳನ್ನು ಸಂಗ್ರಹಿಸುವ ದೊಡ್ಡವರ ಪೇಟೆಯೇ ಇದೆ, ಅಲ್ಲಿ ಇವು ಮಕ್ಕಳ ಆಟಿಕೆ ಎಂಬ ಲೆಕ್ಕಕ್ಕೇ ಬರುವುದಿಲ್ಲ. ನಗರದ ಈ ಮಕ್ಕಳ ಬಗ್ಗೆ ನನಗೆ ಮೆಚ್ಚುಗೆಯಿದೆ. ಅವರು ದೋಸೆಯ ಬೆಲೆಯನ್ನು ಒಪ್ಪಿಸಿದ ಹಾಗೆ ನಮ್ಮ ಕುಂಬಾರರು ಎತ್ತಿನ ಬೆಲೆಯನ್ನು ಒಪ್ಪಿಸಬಲ್ಲರು. ಬೆರಳಿನ ವಿದ್ಯೆಯಲ್ಲಿ ಇವರು ಅವರಿಗಿಂತ ಮುಂದೆಯೇ ಇದ್ದಾರೆ. ಅವರಿಗಿರುವ ಪೇಟೆಯ ದಾರಿ, ಹೇಳಿಕೊಳ್ಳುವ ಬಾಯಿ ಇವರಿಗೆ ಸಿಗಬೇಕು.

ಹೊಸದಾಗಿ ಏನು ಮಾಡಬಹುದು ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ಒಂದು ವಸ್ತುವಿದೆ. ನಮ್ಮ ಸೀಮೆಯ ಮೇಲ್ಮುದ್ದೆ ಮನೆ ಕಣ್ಣೆದುರೇ ಕಾಂಕ್ರೀಟಿಗೆ ದಾರಿ ಬಿಡುತ್ತಿದೆ. ಜಂತಿಯ ಮಾಳಿಗೆ, ಅದರಲ್ಲಿ ಬೆಳಕಿಂಡಿ, ಬಾಗಿಲು ದಾಟಿದ ಕೂಡಲೇ ದನದ ಗ್ವಾದಲಿ, ಮೇಲೆ ಪಡಸಾಲೆ, ನೆಲದೊಳಗೆ ಜೋಳದ ಹಗೇವು, ಅಡುಗೆಮನೆಯಲ್ಲಿ ನೆಲುವು, ಒಳಕಲ್ಲು, ಬೀಸುಕಲ್ಲು, ರೊಟ್ಟಿಯ ಒಲೆ. ಒಂದಕ್ಕೆ ಹನ್ನೆರಡರ ಅಳತೆಯಲ್ಲಿ ಈ ಮನೆಯನ್ನು ಕಟ್ಟಲು ಬೇಕಾದ ಕೈಗಳೆಲ್ಲ ಸುತ್ತಿನ ಮೂರು ನಾಲ್ಕು ತಾಲ್ಲೂಕುಗಳಲ್ಲೇ ಸಿಗುತ್ತವೆ. ಗಡಿಗೆ ಎತ್ತಿಗೆ ಕುಂಬಾರರು, ಕಂಬ ಜಂತಿಗೆ ಬಡಿಗರು, ಕಲ್ಲಿಗೆ ಕಲ್ಲುಕುಟಿಗರು, ಗೊಂಬೆಯ ಸೀರೆಗೆ ರಬಕವಿ-ಬನಹಟ್ಟಿಯ ನೇಕಾರರು, ಕುಬಸಕ್ಕೆ ಗುಳೇದಗುಡ್ಡದ ಖಣ. ಬನಹಟ್ಟಿಯ ಕೈಮಗ್ಗವನ್ನೂ ಅದೇ ಅಳತೆಗೆ ಮಾಡಿದರೆ ಅದು ನೇಯ್ಗೆಯ ಪಾಠಕ್ಕೂ ಆದೀತು. ಶಾಲೆಗೊಂದು, ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೊಂದು, ಪಟ್ಟದಕಲ್ಲು ಬಾದಾಮಿಗೆ ಬರುವ ಪ್ರವಾಸಿಗೆ ಒಂದೊಂದು ಬಿಡಿ ವಸ್ತು, ಹೀಗೆ ವರ್ಷವಿಡೀ ಕೆಲಸ ನಡೆದೀತು. ಹಳೆಯ ಮನೆ ಬಿದ್ದ ಮೇಲೆ ಅದರ ಅಳತೆ ತೆಗೆಯಲು ಬರುವುದಿಲ್ಲ. ಈಗಲೇ ತೆಗೆಯಬೇಕು.

ಮುಧೋಳ ಮತ್ತು ಬೆಳಗಲಿಯಲ್ಲಿ ರನ್ನ ವೈಭವ ಎಂಬ ಉತ್ಸವ ಮಾಡುವವರಲ್ಲಿ ನನ್ನದೊಂದು ಬೇಡಿಕೆ. ವೇದಿಕೆಯ ಪಕ್ಕದಲ್ಲಿ ಒಂದು ಚಪ್ಪರ ಹಾಕಿಸಿ, ಸುತ್ತಿನ ಊರುಗಳ ಕುಂಬಾರರು, ಅಚ್ಚಿನ ಬಡಿಗರು, ಸಕ್ಕರೆ ಗೊಂಬೆಯವರು ಅಲ್ಲಿ ಕೂತು ಮಾಡಿ ತೋರಿಸಲಿ. ಅವರಿಗೆ ದಿನದ ಸಂಭಾವನೆ ಕೊಡಿ, ಚಪ್ಪರದ ಮುಂದೆ ಅವರವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಬಳೆಗಾರರ ಮನೆಯ ಕವಿಯ ಹಬ್ಬದಲ್ಲಿ ಕಸುಬುದಾರರಿಗೆ ಇಷ್ಟು ಜಾಗ ಸಲ್ಲಲೇಬೇಕು. ಓದುಗರಲ್ಲಿ ಕೇಳುವುದು ಇನ್ನೂ ಕಡಿಮೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಸಂತೆಯಲ್ಲಿ ಜೋಡಿ ಎತ್ತು ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಹೇಳಿದಷ್ಟು ಕೊಟ್ಟು, ಮಾಡಿದವರ ಹೆಸರು ಕೇಳಿ ತಿಳಿದುಕೊಳ್ಳಿ.